ವರ್ಗೀಕೃತ ದತ್ತಾಂಶ: ಮೂಲ ಅಂಕಿಗಳಿಗೂ ಪಟ್ಟಿಗೂ ಉತ್ತರ ಬೇರೆ ಬೇರೆ ಬರ್ತಿದೆ, ಯಾವುದನ್ನು ನಂಬೋದು?

ಹೊಸಕಲಿಕೆ

ಎಲ್ಲರಿಗೂ ನಮಸ್ಕಾರ. ಸಂಖ್ಯಾಶಾಸ್ತ್ರವನ್ನು ನನ್ನಷ್ಟಕ್ಕೆ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆ ಅಂತ ಸಣ್ಣದೊಂದು ದತ್ತಾಂಶ ಸೇರಿಸಿಕೊಂಡೆ. 50 ಜನ ಒಂದು ಒಗಟನ್ನು ಬಿಡಿಸಲು ಎಷ್ಟು ನಿಮಿಷ ತೆಗೆದುಕೊಂಡರು ಅನ್ನುವುದು ಅದರಲ್ಲಿದೆ. ಅದನ್ನು ಹೀಗೆ ವರ್ಗಾಂತರ ಮಾಡಿದೆ (ಹತ್ತು ಹತ್ತು ನಿಮಿಷದ ಗುಂಪುಗಳು, ಅಂದರೆ ವರ್ಗಗಳು):

0–10 : 4 ಜನ
10–20 : 9
20–30 : 15
30–40 : 12
40–50 : 7
50–60 : 3

ಸೂತ್ರ ಹಾಕಿದರೆ ಸರಾಸರಿ 28.6, ಮಧ್ಯಾಂಕ (ಸಾಲಿನ ನಟ್ಟನಡುವಿನ ಬೆಲೆ) 28, ಬಹುಲಕ (ಅತಿ ಹೆಚ್ಚು ಸಲ ಬರುವ ಬೆಲೆ) 26.67 ಬಂತು. ಮೂಲ 50 ಅಂಕಿಗಳೂ ನನ್ನ ಹತ್ತಿರ ಇವೆ. ಅವನ್ನು ನೇರವಾಗಿ ಲೆಕ್ಕ ಹಾಕಿದರೆ ಸರಾಸರಿ 27.9, ಮಧ್ಯಾಂಕ 27. ಬಹುಲಕವಂತೂ 22! ಕೂಡಿಸಿದ್ದು, ಭಾಗಿಸಿದ್ದು ಎಲ್ಲ ಮತ್ತೆ ನೋಡಿದೆ, ಸರಿಯಾಗೇ ಇದೆ. ಒಂದೇ ದತ್ತಾಂಶಕ್ಕೆ ಎರಡು ಉತ್ತರ ಹೇಗೆ? ಸೂತ್ರ ಯಾಕೆ ಹಾಗಿದೆ ಅಂತ ಪುಸ್ತಕದಲ್ಲಿ ಎಲ್ಲೂ ಹೇಳಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಮೇಷ್ಟ್ರು

ನಿಮ್ಮ ಲೆಕ್ಕ ಸರಿ ಇದೆ. ಎರಡೂ ಉತ್ತರ ಬೇರೆ ಬಂದಿರುವುದೂ ಸರಿಯೇ.

10ರಿಂದ 20ರ ನಡುವೆ 9 ಜನ ಅಂತ ಬರೆದ ಕೂಡಲೇ ಅವರಲ್ಲಿ ಯಾರು 11, ಯಾರು 19 ಅನ್ನುವುದು ಕೈಬಿಟ್ಟು ಹೋಯಿತು. ಪಟ್ಟಿಯಲ್ಲಿ ಆ ಮಾಹಿತಿ ಇಲ್ಲ. ಆದರೆ ಲೆಕ್ಕ ಹಾಕಲು ಏನಾದರೂ ಬೆಲೆ ಬೇಕಲ್ಲ? ಅದಕ್ಕೇ ಪ್ರತಿ ಸೂತ್ರವೂ ವರ್ಗದೊಳಗೆ ಅಂಕಿಗಳು ಹೇಗೆ ಕೂತಿವೆ ಅನ್ನುವುದರ ಬಗ್ಗೆ ಒಂದು ಊಹೆ ಮಾಡಿಕೊಳ್ಳುತ್ತದೆ. ಬೇರೆ ಬೇರೆ ಸೂತ್ರ, ಬೇರೆ ಬೇರೆ ಊಹೆ.

ಸರಾಸರಿಯ ಊಹೆ ಸುಲಭದ್ದು. ಪ್ರತಿ ವರ್ಗದ ಜನರ ಸರಾಸರಿ ಆ ವರ್ಗದ ಮಧ್ಯಬಿಂದುವೇ ಅಂತ ಇಟ್ಟುಕೊಳ್ಳುವುದು. 5ನ್ನು 4 ಸಲ, 15ನ್ನು 9 ಸಲ, 25ನ್ನು 15 ಸಲ, ಹೀಗೆ ಕೂಡಿದರೆ 20 + 135 + 375 + 420 + 315 + 165, ಒಟ್ಟು 1430. ಅದನ್ನು 50ರಿಂದ ಭಾಗಿಸಿದರೆ 28.6. ಎಲ್ಲರೂ ಮಧ್ಯಬಿಂದುವಿನಲ್ಲೇ ಇರಬೇಕು ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ, ಗಮನಿಸಿ. ಅಕ್ಕಪಕ್ಕದ ಏರುಪೇರು ಸರಿದೂಗಿದರೆ ಸಾಕು.

ಹೊಸಕಲಿಕೆ

ಓ, ಹಾಗಾದರೆ ಇದು ಅಂದಾಜು ಮಾತ್ರ. ಎಷ್ಟು ತಪ್ಪಬಹುದು ಅಂತ ಹೇಳೋಕೆ ಆಗುತ್ತಾ ಸರ್?

ಗಡಿಗೆರೆ

ಆಗುತ್ತೆ, ಅದೂ ಖಚಿತವಾಗಿ. ಎಲ್ಲರೂ ತಮ್ಮ ವರ್ಗದ ಕೆಳಮಿತಿಯಲ್ಲೇ ಇದ್ದಾರೆ ಅಂತ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ 5 ನಿಮಿಷ ಹಿಂದೆ ಸರಿದ ಹಾಗಾಯಿತು, ಸರಾಸರಿ 23.6. ಎಲ್ಲರೂ ಮೇಲ್ಮಿತಿಗೆ ಅಂಟಿಕೊಂಡಿದ್ದಾರೆ ಅಂದರೆ 33.6. ನಿಜವಾದ ಸರಾಸರಿ ಈ ಎರಡರ ನಡುವೆ ಇರಲೇಬೇಕು. ಅಂದರೆ ವರ್ಗದ ಅಗಲ ಎಲ್ಲೆಡೆ ಒಂದೇ ಇದ್ದಾಗ ತಪ್ಪು ಅಗಲದ ಅರ್ಧಕ್ಕಿಂತ ಹೆಚ್ಚಾಗದು.

ನಿಜದಲ್ಲಿ ಇಷ್ಟು ದೊಡ್ಡ ತಪ್ಪು ಆಗುವುದು ತೀರಾ ಕಮ್ಮಿ. ನಡುವೆ ಉಬ್ಬಿ ಎರಡೂ ಕಡೆ ಇಳಿಯುವ ಹಂಚಿಕೆಯಲ್ಲಿ ಎಡಗಡೆಯ ವರ್ಗಗಳ ಜನ ಮಧ್ಯಬಿಂದುವಿಗಿಂತ ಸ್ವಲ್ಪ ಬಲಕ್ಕಿರುತ್ತಾರೆ. ಬಲಗಡೆಯವರು ಸ್ವಲ್ಪ ಎಡಕ್ಕಿರುತ್ತಾರೆ. ಎರಡೂ ತಪ್ಪು ಒಂದನ್ನೊಂದು ತಿನ್ನುತ್ತವೆ. ವರ್ಗೀಕರಣದಿಂದ ಸರಾಸರಿ ಹೆಚ್ಚು ಕೆಡದೇ ಇರೋದು ಇದಕ್ಕೇ.

ರಫ್‌ಪುಟ

ಒಂದು ಪ್ರಶ್ನೆ @ಹೊಸಕಲಿಕೆ. ನಿಮಿಷಗಳನ್ನು ಬರೆದುಕೊಂಡದ್ದು ಹೇಗೆ? ಪೂರ್ಣ ಸಂಖ್ಯೆಗಳಾ? ಸೆಕೆಂಡುಗಳನ್ನು ಏನು ಮಾಡಿದಿರಿ?

ಹೊಸಕಲಿಕೆ

ಪೂರ್ಣ ಸಂಖ್ಯೆಗಳೇ. ಸ್ಟಾಪ್‌ವಾಚಿನಲ್ಲಿ 22 ನಿಮಿಷ 40 ಸೆಕೆಂಡ್ ಇದ್ದರೆ 22 ಅಂತ ಬರೆದೆ. ಸೆಕೆಂಡು ಬಿಟ್ಟುಬಿಟ್ಟೆ. ಅದು ಮುಖ್ಯಾನಾ?

ರಫ್‌ಪುಟ

ಇಡೀ ಪ್ರಶ್ನೆ ನಿಂತಿರುವುದೇ ಅದರ ಮೇಲೆ ಅಂತ ನನಗನ್ನಿಸುತ್ತೆ.

ನೀವು 22 ಅಂತ ಬರೆದ ಕಡೆ ನಿಜವಾದ ಸಮಯ 22ರಿಂದ 23ರೊಳಗೆ ಎಲ್ಲೋ ಇತ್ತು. ಸರಾಸರಿಯಾಗಿ ಪ್ರತಿಯೊಬ್ಬರಿಂದಲೂ ಸುಮಾರು ಅರ್ಧ ನಿಮಿಷ ಕತ್ತರಿಸಿದ್ದೀರಿ. ಹಾಗಾಗಿ ನೀವು ನೇರವಾಗಿ ಪಡೆದ 27.9 ಕೂಡ ನಿಜವಾದ ಸರಾಸರಿಯಲ್ಲ. ಅದು ಸುಮಾರು 28.4ರ ಹತ್ತಿರ ಇರಬೇಕು.

ಈಗ ಪಟ್ಟಿ ನೋಡಿ. 10–20 ವರ್ಗಕ್ಕೆ 10ರಿಂದ 19ರವರೆಗಿನ ಅಂಕಿಗಳು ಬಂದಿವೆ. ಸೆಕೆಂಡು ಬಿಟ್ಟದ್ದರಿಂದ ಅಲ್ಲಿರುವ ನಿಜವಾದ ಸಮಯಗಳು 10ರಿಂದ 20ರ ತನಕ. ಮಧ್ಯಬಿಂದು 15 ಸರಿಯೇ. ಪಟ್ಟಿ ಕೊಟ್ಟ 28.6ಕ್ಕೂ 28.4ಕ್ಕೂ ಇರುವ ದೂರ 0.2 ಮಾತ್ರ. ನಿಮ್ಮ 27.9 ಇರುವುದು ಅರ್ಧ ನಿಮಿಷ ದೂರ. ಇಲ್ಲಿ ಮೂಲ ಅಂಕಿಗಳಿಗಿಂತ ವರ್ಗೀಕೃತ ಪಟ್ಟಿಯೇ ನಿಜಕ್ಕೆ ಹತ್ತಿರ ಬಂತು!

ಅದೇ ನೀವು ಹತ್ತಿರದ ನಿಮಿಷಕ್ಕೆ ಸರಿಹೊಂದಿಸಿ ಬರೆದಿದ್ದರೆ (22 ನಿಮಿಷ 40 ಸೆಕೆಂಡ್ ಅಂದರೆ 23) ಕತೆ ಬೇರೆ. ಆಗ 10ರಿಂದ 19 ಅಂದರೆ ನಿಜದಲ್ಲಿ 9.5ರಿಂದ 19.5. ಮಧ್ಯಬಿಂದು 14.5. ಪ್ರತಿ ಮಧ್ಯಬಿಂದುವೂ ಅರ್ಧ ಕೆಳಗಿಳಿದು ಪಟ್ಟಿಯ ಸರಾಸರಿ 28.1 ಆಗುತ್ತಿತ್ತು.

ಮೇಷ್ಟ್ರು

ಒಳ್ಳೇ ಪ್ರಶ್ನೆ ಕೇಳಿದಿರಿ ರಫ್‌ಪುಟ ಅವರೇ. ಪರೀಕ್ಷೆಗೆ ಓದುವಾಗ ಇದು ತಪ್ಪಿಹೋಗುತ್ತದೆ. 10–19, 20–29 ಅಂತ ವರ್ಗಗಳಿದ್ದರೆ "ಕೆಳಗಿನಿಂದ 0.5 ಕಳೆ, ಮೇಲಕ್ಕೆ 0.5 ಕೂಡಿಸು" ಅಂತ ಕಲಿಸಿಬಿಡುತ್ತಾರೆ, ಮಕ್ಕಳು ಕಣ್ಣುಮುಚ್ಚಿ ಹಾಗೇ ಮಾಡುತ್ತಾರೆ. ಎತ್ತರ, ತೂಕದಂಥ ಅಳತೆಗೆ ಅದು ಸರಿ. ಯಾಕೆಂದರೆ ಅವನ್ನು ಸಾಮಾನ್ಯವಾಗಿ ಹತ್ತಿರದ ಸಂಖ್ಯೆಗೆ ಬರೆಯುತ್ತಾರೆ.

ವಯಸ್ಸಿಗೆ ಹಾಗಲ್ಲ. ತುಂಬಿದ ವರ್ಷಗಳನ್ನೇ ವಯಸ್ಸು ಅಂತ ಬರೆದ ಕಡೆ, 19 ವರ್ಷ 11 ತಿಂಗಳಿನವರೂ 19ರಲ್ಲೇ ಬರುತ್ತಾರೆ. 10–19 ಅನ್ನುವ ವಯಸ್ಸಿನ ವರ್ಗದ ನಿಜವಾದ ಗಡಿ 10 ಮತ್ತು 20. ಮಧ್ಯಬಿಂದು 15, 14.5 ಅಲ್ಲ.

ಕಂಪ್ಯೂಟರ್‌ಪ್ರಿಯ

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ತಲೆಬಿಸಿ ಯಾಕೆ? ಮೂಲ ಅಂಕಿ ಇದ್ದರೆ ಸ್ಪ್ರೆಡ್‌ಶೀಟ್‌ಗೆ ಹಾಕಿದರಾಯಿತು, ಕ್ಷಣದಲ್ಲಿ ಉತ್ತರ. ಈ ವರ್ಗಾಂತರದ ಸೂತ್ರಗಳು ಕೈಯಲ್ಲಿ ಲೆಕ್ಕ ಹಾಕುವ ಕಾಲದ್ದು. ಈಗ ಸುಮ್ನೆ ಪರೀಕ್ಷೆಗಾಗಿ ಉಳಿದುಕೊಂಡಿವೆ.

ಗಡಿಗೆರೆ

ಅಂದಾಜು ಸರಾಸರಿ, ಹಂತ ವಿಚಲನೆ ವಿಧಾನಗಳ ಬಗ್ಗೆ ಹೇಳಿದರೆ ಒಪ್ಪುತ್ತೇನೆ. 25ನ್ನು ಅಂದಾಜು ಸರಾಸರಿ ಅಂತ ಇಟ್ಟು, ಪ್ರತಿ ಮಧ್ಯಬಿಂದು ಅದರಿಂದ ಎಷ್ಟು ವರ್ಗ ದೂರ ಅಂತ ಹಂತಗಳನ್ನು −2, −1, 0, 1, 2, 3 ಮಾಡಿ, ಆವೃತ್ತಿಯಿಂದ (ವರ್ಗದಲ್ಲಿರುವ ಜನರ ಸಂಖ್ಯೆ) ಗುಣಿಸಿ ಕೂಡಿದರೆ 18. 18ನ್ನು 50ರಿಂದ ಭಾಗಿಸಿ 10ರಿಂದ ಗುಣಿಸಿದರೆ 3.6. 25 + 3.6 ಅಂದರೆ ಅದೇ 28.6. ಗುಣಾಕಾರದ ಶ್ರಮ ಉಳಿಸುವ ಜಾಣತನ, ಅಷ್ಟೇ. ಉತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ.

ಆದರೆ ವರ್ಗೀಕೃತ ದತ್ತಾಂಶವೇ ಬೇಡ ಅನ್ನುವ ಮಾತು ಒಪ್ಪಲಾರೆ. ಎಷ್ಟೋ ಸಲ ಮೂಲ ಅಂಕಿ ನಮಗೆ ಸಿಗುವುದೇ ಇಲ್ಲ. ಸಮೀಕ್ಷೆಯಲ್ಲಿ "ನಿಮ್ಮ ಆದಾಯ ಎಷ್ಟು" ಅಂತ ಕೇಳಿದರೆ ಜನ ಹೇಳಲು ಹಿಂಜರಿಯುತ್ತಾರೆ. ಯಾವ ಗುಂಪಿಗೆ ಬರುತ್ತೀರಿ ಅಂದರೆ ಗುರುತು ಹಾಕುತ್ತಾರೆ. ಅಲ್ಲಿ ದತ್ತಾಂಶ ಹುಟ್ಟುವುದೇ ವರ್ಗಗಳಲ್ಲಿ. ಪ್ರಕಟವಾಗುವ ಕೋಷ್ಟಕಗಳಲ್ಲಿಯೂ ಒಬ್ಬೊಬ್ಬರ ಗುರುತು ಸಿಗಬಾರದು ಅಂತ ಗುಂಪು ಮಾಡಿಯೇ ಕೊಡುತ್ತಾರೆ.

ಕಂಪ್ಯೂಟರ್‌ಪ್ರಿಯ

ಆದಾಯದ ಮಾತು ಸರಿ, ಒಪ್ಪಿದೆ. ಹಾಗಾದರೆ ಸ್ಪ್ರೆಡ್‌ಶೀಟ್ ಬಳಸುವವರಿಗೆ ಒಂದು ಎಚ್ಚರಿಕೆ ನನ್ನಿಂದ. ಪಟ್ಟಿಯ ಮೇಲೆ ಆವರೇಜ್ ಫಂಕ್ಷನ್ ಹಾಕಬೇಡಿ. ಮಧ್ಯಬಿಂದುಗಳ ಕಾಲಂ ಮೇಲೆ ಹಾಕಿದರೆ ಇಲ್ಲಿ 30 ಬರುತ್ತೆ. ಆವೃತ್ತಿಯ ಕಾಲಂ ಮೇಲೆ ಹಾಕಿದರೆ 8.33. ಎರಡಕ್ಕೂ ಅರ್ಥವಿಲ್ಲ. ಸಮ್‌ಪ್ರಾಡಕ್ಟ್ ಹಾಕಿ ಎರಡು ಕಾಲಂ ಗುಣಿಸಿ ಕೂಡಿಸಿ, ಆಮೇಲೆ ಒಟ್ಟು ಆವೃತ್ತಿಯಿಂದ ಭಾಗಿಸಿ. ಸರಾಸರಿಗೆ ಅಷ್ಟು ಸಾಕು.

ಹೊಸಕಲಿಕೆ

ಸರಾಸರಿ ಅರ್ಥವಾಯಿತು. ಮಧ್ಯಾಂಕದ ಸೂತ್ರ ಇನ್ನೂ ಬಾಯಿಪಾಠವೇ. ಮತ್ತೆ ಒಂದು ಸಂದೇಹ: ಬಿಡಿ ಅಂಕಿಗಳಲ್ಲಿ 50 ಜನರಿದ್ದರೆ 25 ಮತ್ತು 26ನೆಯವರ ನಡುವೆ ತೆಗೆದುಕೊಳ್ಳುತ್ತೇವೆ. ಇಲ್ಲಿ ಯಾಕೆ ಬರೀ 25?

ಅಂಕಿಅಕ್ಕ

ಸೂತ್ರ ಮರೆತುಬಿಡಿ, ಪಟ್ಟಿ ನೋಡುತ್ತಾ ಎಣಿಸಿ. ಸಂಚಿತ ಆವೃತ್ತಿ, ಅಂದರೆ ಮೊದಲಿನಿಂದ ಕೂಡಿಸುತ್ತಾ ಬಂದ ಎಣಿಕೆ 4, 13, 28, 40, 47, 50. 20 ನಿಮಿಷದೊಳಗೆ ಮುಗಿಸಿದವರು 13. ಅರ್ಧ ಜನ, ಅಂದರೆ 25 ಆಗಬೇಕಾದರೆ ಇನ್ನೂ 12 ಬೇಕು. ಮುಂದಿನ ವರ್ಗದಲ್ಲಿ 15 ಜನ 10 ನಿಮಿಷದ ಜಾಗದಲ್ಲಿ ಸಮನಾಗಿ ಹರಡಿಕೊಂಡಿದ್ದಾರೆ ಅಂದುಕೊಳ್ಳಿ. 15ರಲ್ಲಿ 12 ಜನ ಬೇಕಾದರೆ 10ರಲ್ಲಿ 8 ನಿಮಿಷ ನಡೆಯಬೇಕು. 20 + 8 = 28. ಸೂತ್ರ ಹೇಳುವುದು ಇದಿಷ್ಟೇ. ನಿಮ್ಮ ಮೂಲ ಅಂಕಿಗಳ ಮಧ್ಯಾಂಕ 27, ಸೆಕೆಂಡು ಸೇರಿಸಿದರೆ 27.5 ಆದೀತು. ಅಂದರೆ ಆ 15 ಜನ ಪೂರ್ತಿ ಸಮನಾಗಿ ಹರಡಿರಲಿಲ್ಲ, ಕೊಂಚ ಎಡಕ್ಕೆ ವಾಲಿದ್ದರು.

25 ಯಾಕೆ ಅಂದರೆ, ಇಲ್ಲಿ ನಾವು ಯಾವ ವ್ಯಕ್ತಿಯನ್ನೂ ಹುಡುಕುತ್ತಿಲ್ಲ. ಹಿಸ್ಟೋಗ್ರಾಮ್‌ನ (ಪ್ರತಿ ವರ್ಗಕ್ಕೊಂದು ಕಂಬ ಇರುವ ಚಿತ್ರ) ಒಟ್ಟು ವಿಸ್ತೀರ್ಣವನ್ನು ಸರಿಯಾಗಿ ಎರಡು ಮಾಡುವ ಗೆರೆ ಎಲ್ಲಿ ಅಂತ ಹುಡುಕುತ್ತಿದ್ದೇವೆ. 50 ಚೂರು ವಿಸ್ತೀರ್ಣದ ಅರ್ಧ 25.

ಚತುರ್ಥಕಗಳೂ (ಜನರನ್ನು ನಾಲ್ಕು ಸಮಭಾಗ ಮಾಡುವ ಗಡಿಗಳು) ಇದೇ ದಾರಿ. ಮೊದಲನೆಯದಕ್ಕೆ 12.5 ಜನ ಬೇಕು. 10ರೊಳಗೆ 4 ಇದ್ದಾರೆ, ಇನ್ನೂ 8.5 ಬೇಕು, ಮುಂದಿನ ವರ್ಗದಲ್ಲಿ ಇರುವುದು 9. ಹಾಗಾಗಿ 10 + 9.44, ಅಂದರೆ 19.44. ಮೂರನೆಯದಕ್ಕೆ 37.5. 30ರೊಳಗೆ 28 ಇದ್ದಾರೆ, ಇನ್ನೂ 9.5 ಬೇಕು, ಇರುವುದು 12. ಉತ್ತರ 37.92. ನಡುವಿನ ಅರ್ಧ ಜನ ಸುಮಾರು 18 ನಿಮಿಷದ ಹರವಿನಲ್ಲಿದ್ದಾರೆ. ಓಜೀವ್ (ಸಂಚಿತ ಆವೃತ್ತಿಯ ಗೆರೆ) ಎಳೆದರೆ ಇವೆಲ್ಲ ಕಣ್ಣಿಗೇ ಕಾಣುತ್ತವೆ. ಒಂದು ಮಾತು ನೆನಪಿರಲಿ, ಓಜೀವ್‌ನಲ್ಲಿ ಚುಕ್ಕೆ ಇಡುವುದು ಮೇಲ್ಮಿತಿಯ ಮೇಲೆ, ಮಧ್ಯಬಿಂದುವಿನ ಮೇಲಲ್ಲ.

ಹೊಸಕಲಿಕೆ

ಮೇಡಂ, ಪುಸ್ತಕ ಇಷ್ಟೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಇನ್ನು ಬಹುಲಕ? 22 ಎಲ್ಲಿ, 26.67 ಎಲ್ಲಿ.

ಮೇಷ್ಟ್ರು

ಬಹುಲಕ ಬಹಳ ಚಂಚಲ. ನಿಮ್ಮ ಮೂಲ ಅಂಕಿಗಳಲ್ಲಿ 22 ಎಷ್ಟು ಸಲ ಬಂದಿದೆ?

ಹೊಸಕಲಿಕೆ

4 ಸಲ. 27, 31 ತಲಾ 3 ಸಲ.

ಮೇಷ್ಟ್ರು

ನೋಡಿ, ಒಬ್ಬರು ಆಚೆ ಈಚೆ ಆಗಿದ್ದರೆ ಬಹುಲಕ 22ರಿಂದ 31ಕ್ಕೆ ಜಿಗಿಯುತ್ತಿತ್ತು. ಅಂಥ ಉತ್ತರದ ಮೇಲೆ ಏನು ಭರವಸೆ? ಇಂಥ ಕಡೆ ವರ್ಗ ಮಾಡುವುದೇ ಒಳ್ಳೆಯದು. ದಟ್ಟಣೆ ಎಲ್ಲಿದೆ ಅಂತ ಆಗ ಕಾಣುತ್ತದೆ.

ಸೂತ್ರದ ಹಿಂದಿನ ಯೋಚನೆ ಹೀಗಿದೆ. 20–30 ಅತಿ ಎತ್ತರದ ಕಂಬ, 15. ಎಡಗಡೆ 9, ಬಲಗಡೆ 12. ಬಲ ನೆರೆಯವರು ಜಾಸ್ತಿ, ಹಾಗಾಗಿ ಶಿಖರ ನಡುವಿನ 25ರಲ್ಲಿ ಇರದೆ ತುಸು ಬಲಕ್ಕೆ ವಾಲಬೇಕು. ಎಡಗಡೆಯ ಏರಿಕೆ 6, ಬಲಗಡೆಯ ಇಳಿಕೆ 3. ಅಗಲವನ್ನು 6ಕ್ಕೆ 3ರ ಪ್ರಮಾಣದಲ್ಲಿ ಹಂಚಿದರೆ 20 + 6.67. ಮೂರು ಕಂಬಗಳ ತಲೆಯ ನಡುವಿನ ಚುಕ್ಕೆಗಳ ಮೂಲಕ ಒಂದು ಪರವಲಯ ಎಳೆದು ಅದರ ತುದಿ ಹುಡುಕಿದರೂ ಇದೇ 26.67 ಬರುತ್ತದೆ. ಬೇಕಾದರೆ ಮಾಡಿ ನೋಡಿ, ಖುಷಿಯಾಗುತ್ತದೆ.

ರಫ್‌ಪುಟ

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತಲೇ ಒಂದು ತಕರಾರು. ವರ್ಗ ಮಾಡಿದ ಮಾತ್ರಕ್ಕೆ ಬಹುಲಕದ ಚಂಚಲತೆ ಹೋಗುವುದಿಲ್ಲ. ಇದೇ ಪಟ್ಟಿಯನ್ನು 20ರ ಅಗಲಕ್ಕೆ ಬದಲಿಸಿ. 0–20ರಲ್ಲಿ 13, 20–40ರಲ್ಲಿ 27, 40–60ರಲ್ಲಿ 10.

ಸರಾಸರಿ 28.8. ಮಧ್ಯಾಂಕ 28.89. ಬಹುಲಕ 29.03.

ಮೊದಲು ಬಹುಲಕ ಎಲ್ಲಕ್ಕಿಂತ ಚಿಕ್ಕದು, ಸರಾಸರಿ ದೊಡ್ಡದು. ಹಂಚಿಕೆಯ ಬಾಲ ಬಲಕ್ಕೆ ಚಾಚಿದೆ ಅಂತ ಹೇಳುತ್ತಿದ್ದೆವು. ಈಗ ಕ್ರಮವೇ ತಿರುವುಮುರುವು! ಬಾಲ ಎಡಕ್ಕೆ ಬಂತು. ಜನರೂ ಅವರೇ, ಸಮಯವೂ ಅದೇ. ಸರಾಸರಿ ಬರೀ 0.2 ಅಲುಗಿತು, ಬಹುಲಕ 2.4ರಷ್ಟು ಓಡಿತು. ಓರೆತನದ (ಬಾಲ ಯಾವ ಕಡೆ ಚಾಚಿದೆ ಅನ್ನುವುದರ) ಬಗ್ಗೆ ಮೂರು ಅಳತೆಗಳ ಕ್ರಮ ನೋಡಿ ತೀರ್ಪು ಕೊಡುವವರು ಇದನ್ನು ಒಮ್ಮೆ ನೋಡಬೇಕು.

ಕಂಪ್ಯೂಟರ್‌ಪ್ರಿಯ

ಅಬ್ಬಾ. ಹಾಗಾದರೆ ಎಷ್ಟು ವರ್ಗ ಇರಬೇಕು ಅನ್ನೋಕೆ ನಿಯಮ ಇಲ್ವಾ?

ಗಡಿಗೆರೆ

1926ರಲ್ಲಿ ಸ್ಟರ್ಜಸ್ ಕೊಟ್ಟ ಸೂತ್ರವೊಂದಿದೆ. ಒಟ್ಟು ಸಂಖ್ಯೆಯ 10ರ ಆಧಾರದ ಲಾಗರಿದಮ್ ತೆಗೆದು 3.322ರಿಂದ ಗುಣಿಸಿ 1 ಕೂಡಿಸುವುದು. 50ಕ್ಕೆ 6.64 ಬರುತ್ತದೆ. ಹಾಗಾಗಿ 6 ಅಥವಾ 7 ವರ್ಗ. ಇವರು ಮಾಡಿದ 6 ಸರಿಯಾಗೇ ಇದೆ, 3 ತೀರಾ ಕಮ್ಮಿ. ಆದರೆ ಅದು ಶುರು ಮಾಡಲು ಒಂದು ದಾರಿ, ಕಾನೂನಲ್ಲ. ದತ್ತಾಂಶ ತುಂಬಾ ದೊಡ್ಡದಾದಾಗ ಅದು ಹೇಳುವ ವರ್ಗಗಳು ಸಾಲುವುದಿಲ್ಲ.

"ಬಹುಲಕ ಅಂದರೆ 3 ಮಧ್ಯಾಂಕದಲ್ಲಿ 2 ಸರಾಸರಿ ಕಳೆದದ್ದು" ಅನ್ನುವ ಕಾರ್ಲ್ ಪಿಯರ್ಸನ್ ಹೆಸರಿನ ಸಂಬಂಧವೂ ಅಷ್ಟೇ. ಇಲ್ಲಿ 84ರಲ್ಲಿ 57.2 ಹೋದರೆ 26.8, ಹತ್ತಿರ ಬಂತು. ಸ್ವಲ್ಪವೇ ಓರೆಯಾದ, ಒಂದೇ ಶಿಖರದ ಹಂಚಿಕೆಗೆ ಅದು ಹೊಂದುತ್ತದೆ. ಎಲ್ಲ ಕಡೆ ಹಾಕಿದರೆ ಕೈ ಕೊಡುತ್ತದೆ.

ಸಂಜೆಓದು

ನಾನೂ ಇದೇ ಪಾಠದಲ್ಲಿದ್ದೇನೆ. ನನ್ನ ಪಟ್ಟಿಯಲ್ಲಿ ವರ್ಗಗಳ ಅಗಲವೇ ಬೇರೆ ಬೇರೆ: 0–20ರಲ್ಲಿ 13, 20–30ರಲ್ಲಿ 15, 30–60ರಲ್ಲಿ 22. ಬಹುಲಕ ಇರುವ ವರ್ಗ 30–60 ಅಲ್ವಾ? ಉತ್ತರದಲ್ಲಿ 20–30 ಅಂತಿದೆ.

ಅಂಕಿಅಕ್ಕ

ಉತ್ತರ ಸರಿ ಇದೆ. ಅಗಲ ಬೇರೆ ಇದ್ದಾಗ ಆವೃತ್ತಿಯನ್ನು ಅಗಲದಿಂದ ಭಾಗಿಸಿ ದಟ್ಟಣೆ ನೋಡಬೇಕು. 13ನ್ನು 20ರಿಂದ ಭಾಗಿಸಿದರೆ 0.65. 15ನ್ನು 10ರಿಂದ ಅಂದರೆ 1.5. 22ನ್ನು 30ರಿಂದ ಅಂದರೆ 0.73. ದೊಡ್ಡ ಬಲೆ ಬೀಸಿದವರಿಗೆ ಮೀನು ಜಾಸ್ತಿ ಸಿಕ್ಕಿತು ಅಂದ ಮಾತ್ರಕ್ಕೆ ಅಲ್ಲಿ ಮೀನು ದಟ್ಟವಾಗಿದೆ ಅಂತಲ್ಲ. ಹಿಸ್ಟೋಗ್ರಾಮ್ ಎಳೆಯುವಾಗಲೂ ಕಂಬದ ಎತ್ತರ ಈ ದಟ್ಟಣೆಯೇ ಆಗಿರಬೇಕು. ಸರಾಸರಿ, ಮಧ್ಯಾಂಕಗಳಿಗೆ ಈ ತೊಂದರೆ ಇಲ್ಲ, ಇದ್ದ ಹಾಗೇ ಮಾಡಿ.

ಸಂಜೆಓದು

ಥ್ಯಾಂಕ್ಸ್ ಅಕ್ಕಾ. ಇನ್ನೊಂದು: ಕೊನೆಯ ವರ್ಗ "50 ಮತ್ತು ಮೇಲ್ಪಟ್ಟು" ಅಂತಿದ್ದರೆ?

ಗಡಿಗೆರೆ

ಮಧ್ಯಾಂಕಕ್ಕೆ ಏನೂ ಆಗುವುದಿಲ್ಲ, ಚತುರ್ಥಕಗಳಿಗೂ ಇಲ್ಲಿ ಆಗುವುದಿಲ್ಲ. ಸರಾಸರಿಗೆ ಮಾತ್ರ ತೊಂದರೆ. ಮಧ್ಯಬಿಂದು ಯಾವುದು ಅಂತಲೇ ಗೊತ್ತಿಲ್ಲವಲ್ಲ. ಮೇಲಿನ ಉದಾಹರಣೆಯಲ್ಲಿ ಆ 3 ಜನರ ಸರಾಸರಿ 55ರ ಬದಲು 80 ಇದ್ದರೆ ಒಟ್ಟು ಮೊತ್ತ 75 ಏರಿ ಸರಾಸರಿ 30.1 ಆಗುತ್ತದೆ. ಮೂರೇ ಜನ, ಒಂದೂವರೆ ನಿಮಿಷದ ವ್ಯತ್ಯಾಸ. ಮಧ್ಯಾಂಕ ಮಾತ್ರ 28ರಲ್ಲೇ ಇರುತ್ತದೆ. ಹಾಗಾಗಿ ಬಾಯಿ ತೆರೆದ ವರ್ಗವಿದ್ದರೆ ಮಧ್ಯಾಂಕ ಕೊಡಿ. ಸರಾಸರಿ ಕೊಡಲೇಬೇಕಾದರೆ ಮಧ್ಯಬಿಂದುವನ್ನು ಎಷ್ಟು ಅಂದುಕೊಂಡಿರಿ ಅಂತ ಪಕ್ಕದಲ್ಲೇ ಬರೆಯಿರಿ.

ಹೊಸಕಲಿಕೆ

ಕೊನೆಯದಾಗಿ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ. ಪಟ್ಟಿಯಿಂದ 13.08 ಬಂತು, ಮೂಲ ಅಂಕಿಗಳಿಂದ 12.8. ಸೆಕೆಂಡು ಬಿಟ್ಟದ್ದೇ ಇದಕ್ಕೂ ಕಾರಣವಾ?

ರಫ್‌ಪುಟ

ಅಲ್ಲ. ಎಲ್ಲರಿಂದಲೂ ಅರ್ಧ ನಿಮಿಷ ಕಳೆದರೆ ಹರವು ಬದಲಾಗುವುದಿಲ್ಲ. ಇಲ್ಲಿ ಕಾರಣ ಬೇರೆ.

ಮೊದಲು ಲೆಕ್ಕ ಸರಿಯಾ ಅಂತ ನೋಡೋಣ. ಮಧ್ಯಬಿಂದುಗಳ ವರ್ಗಗಳನ್ನು (ಇಲ್ಲಿ ಗುಂಪು ಅಲ್ಲ, ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು) ಆವೃತ್ತಿಯಿಂದ ಗುಣಿಸಿ ಕೂಡಿದರೆ 49450. 50ರಿಂದ ಭಾಗಿಸಿದರೆ 989. ಸರಾಸರಿಯ ವರ್ಗ 817.96 ಕಳೆದರೆ 171.04, ಇದಕ್ಕೇ ವೇರಿಯನ್ಸ್ ಅನ್ನುವುದು. ಅದರ ವರ್ಗಮೂಲ 13.08. ಸರಿ ಇದೆ.

ಈಗ ಗಡಿಗೆರೆ ಅವರು ಮೇಲೆ ಹೇಳಿದ್ದನ್ನೇ ಮತ್ತೆ ನೋಡಿ. ಎಡ ವರ್ಗದವರು ಮಧ್ಯಬಿಂದುವಿಗಿಂತ ಒಳಗೆ, ಬಲ ವರ್ಗದವರೂ ಒಳಗೆ. ಸರಾಸರಿಯಲ್ಲಿ ಈ ಎರಡು ತಪ್ಪು ಎದುರುಬದುರಾಗಿ ಕಳೆದುಹೋದವು. ವಿಚಲನೆಯಲ್ಲಿ ಹಾಗಲ್ಲ. ಎರಡೂ ಕಡೆ ನಾವು ಜನರನ್ನು ನಿಜಕ್ಕಿಂತ ದೂರ ತಳ್ಳಿದ್ದೇವೆ. ದೂರವನ್ನು ಅದರಿಂದಲೇ ಗುಣಿಸಿದ ಮೇಲೆ ಎರಡೂ ಧನವೇ, ತಪ್ಪುಗಳು ಕೂಡಿಕೊಳ್ಳುತ್ತವೆ. ಹಾಗಾಗಿ ಉಬ್ಬಿದ ಉತ್ತರ.

ಇದಕ್ಕೆ ಶೆಪರ್ಡ್ ತಿದ್ದುಪಡಿ ಅಂತ ಒಂದಿದೆ. ಅಗಲದ ವರ್ಗವನ್ನು 12ರಿಂದ ಭಾಗಿಸಿ ವೇರಿಯನ್ಸ್‌ನಿಂದ ಕಳೆಯುವುದು. 100ನ್ನು 12ರಿಂದ ಭಾಗಿಸಿದರೆ 8.33. 171.04ರಲ್ಲಿ ಅದು ಹೋದರೆ 162.71, ವರ್ಗಮೂಲ 12.76. ನಿಮ್ಮ 12.8ಕ್ಕೆ ಎಷ್ಟು ಹತ್ತಿರ ನೋಡಿ.

ಮೇಷ್ಟ್ರು

ಆದರೆ ಅದನ್ನು ಎಲ್ಲ ಕಡೆ ಹಾಕಬೇಡಿ. ಎರಡೂ ತುದಿಯಲ್ಲಿ ನಿಧಾನವಾಗಿ ಸೊನ್ನೆಗೆ ಇಳಿಯುವ, ನಿರಂತರ ಅಳತೆಯ ಹಂಚಿಕೆಗೆ ಮಾತ್ರ ಅದು ಸಲ್ಲುತ್ತದೆ. ಹಂಚಿಕೆ ಸಪಾಟಾಗಿದ್ದರೆ, ಅಂದರೆ ಎಲ್ಲ ವರ್ಗದಲ್ಲೂ ಒಂದೇ ಆವೃತ್ತಿ ಇದ್ದರೆ, ಪರಿಸ್ಥಿತಿ ಉಲ್ಟಾ. ಅಲ್ಲಿ ಯಾರೂ ಒಳಗೆ ವಾಲಿರುವುದಿಲ್ಲ. ವರ್ಗದೊಳಗಿನ ಹರವನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆಗ ಅದೇ ಮೊತ್ತವನ್ನು ಕಳೆಯುವ ಬದಲು ಕೂಡಿಸಬೇಕಾಗುತ್ತದೆ. ಶುರುವಿನಲ್ಲೇ ರಾಶಿ ಬಿದ್ದ ಹಂಚಿಕೆಗೂ ತಿದ್ದುಪಡಿ ಹೊಂದುವುದಿಲ್ಲ.

ಕಂಪ್ಯೂಟರ್‌ಪ್ರಿಯ

50ರಿಂದ ಭಾಗಿಸಬೇಕಾ, 49ರಿಂದಲಾ? ಇದನ್ನು ಯಾರೂ ಹೇಳಲಿಲ್ಲ.

ಅಂಕಿಅಕ್ಕ

ಈ 50 ಜನರ ಬಗ್ಗೆ ಮಾತ್ರ ಹೇಳುವುದಾದರೆ 50. ಇವರನ್ನು ಮಾದರಿಯಾಗಿಟ್ಟು ದೊಡ್ಡ ಗುಂಪಿನ ಬಗ್ಗೆ ಅಂದಾಜು ಮಾಡುವುದಾದರೆ 49, ಆಗ 13.21 ಬರುತ್ತದೆ. ವರ್ಗೀಕೃತವೋ ಅಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹೊಸಕಲಿಕೆ

ಎಲ್ಲರಿಗೂ ತುಂಬಾ ಧನ್ಯವಾದ. ಈಗ ಪಟ್ಟಿಯ ಮೇಲೆ "ಸೆಕೆಂಡು ಬಿಟ್ಟು ಬರೆದದ್ದು, ಗಡಿಗಳು 0, 10, 20..." ಅಂತ ಸೇರಿಸಿದೆ. ಮುಂದಿನ ವಾರ ಇದೇ ಒಗಟನ್ನು ಇನ್ನೊಂದು ಗುಂಪಿಗೆ ಕೊಡುತ್ತಿದ್ದೇನೆ. ಎರಡನ್ನೂ ಹೋಲಿಸುವಾಗ ವರ್ಗಗಳು ಒಂದೇ ಇರಬೇಕಾ?

ಗಡಿಗೆರೆ

ಹೌದು, ಗಡಿ, ಅಗಲ ಎರಡೂ ಒಂದೇ ಇರಲಿ. ಗುಂಪುಗಳ ಸಂಖ್ಯೆ ಬೇರೆ ಇದ್ದರೆ ಆವೃತ್ತಿಯ ಬದಲು ಶೇಕಡಾ ಹಾಕಿ. ಮತ್ತೆ, ಈ ಸಲ ಸೆಕೆಂಡುಗಳನ್ನೂ ಬರೆದುಕೊಳ್ಳಿ.